ಎನ್ದೆಬೆಲೆ ಮಣಿಹೆಣಿಗೆ: ಅದರ ಕಠಿಣತೆ ಮತ್ತು ಕಲಿಕೆಯ ನೆರವು

ಕೈಕೆಲಸಗಳಲ್ಲಿ ಒಮ್ಮೆ ನೋಡಿದರೆ ಬರುವಂತಹವು ಕೆಲವು, ನೂರು ಬಾರಿ ನೋಡಿದರೂ ಕೈಗೆ ಹತ್ತದಂತಹವು ಕೆಲವು. ಬಾಳೆಯ ನಾರಿನಲ್ಲಿ ಮಲ್ಲಿಗೆಯ ಮಾಲೆ ಕಟ್ಟುವುದನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವರಿಗೂ, ತಾವೇ ಕಟ್ಟಲು ಕುಳಿತಾಗ, ಬೆರಳು ಎಲ್ಲಿ ತಿರುಗಿತು, ಗಂಟು ಎಲ್ಲಿ ಬಿದ್ದಿತು ಎಂಬುದು ತಿಳಿಯದೆ ಹೂವುಗಳು ಜಾರಿ ಬೀಳುತ್ತವೆ. ಕಟ್ಟುವ ಅಜ್ಜಿಯನ್ನು ಕೇಳಿದರೆ ಆಕೆಗೂ ಅದನ್ನು ಮಾತಿನಲ್ಲಿ ಹೇಳಲು ಬಾರದು. “ಹೀಗೆ ನೋಡು” ಎಂದು ಮತ್ತೊಮ್ಮೆ ಕಟ್ಟಿ ತೋರಿಸುತ್ತಾಳೆ. ಇಂತಹ ವಿದ್ಯೆಯನ್ನು ಅಜ್ಜಿಯೇ ಪಕ್ಕದಲ್ಲಿಲ್ಲದ ಮನೆಯಲ್ಲಿ, ಅದೂ ಸಾವಿರಾರು ಮೈಲಿ ದೂರದ ಬೇರೊಂದು ಜನಾಂಗದ ವಿದ್ಯೆಯನ್ನು, ಕಲಿಯಬಯಸುವವರು ನೆರವನ್ನು ಎಲ್ಲಿ ಹುಡುಕಬೇಕು? ದಕ್ಷಿಣ ಆಫ್ರಿಕದ ಎನ್ದೆಬೆಲೆ ಜನರ ಹೆಸರಿನಿಂದ ಜಗತ್ತಿನಲ್ಲೆಲ್ಲ ಪ್ರಸಿದ್ಧವಾಗಿರುವ ಮಣಿಹೆಣಿಗೆಯೊಂದು ಈ ಪ್ರಶ್ನೆಗೆ ಒಳ್ಳೆಯ ನಿದರ್ಶನವಾಗಿದೆ.

ಮಣಿಯ ಕೆಲಸವು ನಮ್ಮ ನಾಡಿನ ಮನೆಗಳಿಗೆ ಅಪರಿಚಿತವಾದುದಲ್ಲ. ಬಾಗಿಲಿಗೆ ಕಟ್ಟುವ ಮಣಿಯ ತೋರಣ, ಮದುವೆಯ ಸಾಮಾನುಗಳ ನಡುವೆ ಇಡುವ ಮಣಿ ಹೊದಿಸಿದ ತೆಂಗಿನಕಾಯಿ, ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ ಮಣಿಯ ಗಿಳಿ ಇವುಗಳನ್ನು ಹಿರಿಯ ತಲೆಮಾರಿನ ಗೃಹಿಣಿಯರು ಬಿಡುವಿನ ವೇಳೆಯಲ್ಲಿ ತಾಳ್ಮೆಯಿಂದ ಮಾಡಿದವರೇ. ಅಂತಹ ಕೆಲಸದಲ್ಲಿ ಸಾಮಾನ್ಯವಾಗಿ ಒಂದು ದಾರದ ಎರಡು ತುದಿಗಳನ್ನೂ ಒಂದೇ ಮಣಿಯೊಳಗೆ ಎದುರುಬದುರಾಗಿ ದಾಟಿಸುತ್ತ, ನಾಲ್ಕು ನಾಲ್ಕು ಮಣಿಗಳ ಮನೆಗಳನ್ನು ಕಟ್ಟಿಕೊಂಡು ಹೋಗುತ್ತಾರೆ. ಪಾಶ್ಚಾತ್ಯರು ಲಂಬಕೋನದ ಹೆಣಿಗೆ ಎಂದು ಕರೆಯುವುದು ಇದರ ಸಮೀಪಬಂಧು. ಆದಕಾರಣ ತೋರಣ ಹೆಣೆಯಬಲ್ಲ ಕೈಗೆ ಎನ್ದೆಬೆಲೆ ಹೆಣಿಗೆಯು ಸಂಪೂರ್ಣ ಹೊಸ ಲೋಕವೇನೂ ಅಲ್ಲ. ಆದರೂ ಅಂತಹ ಕೈಯೂ ಇಲ್ಲಿ ಮೊದಲ ದಿನ ತಡವರಿಸುತ್ತದೆ.

ಮೊದಲು ಆ ಜನರ ವಿಚಾರ. ದಕ್ಷಿಣದ ಎನ್ದೆಬೆಲೆಯರು ಹಿಂದಿನ ಟ್ರಾನ್ಸ್‌ವಾಲ್ ಪ್ರಾಂತದಲ್ಲಿ, ಇಂದಿನ ಪ್ರಿಟೋರಿಯಾ ನಗರದ ಆಚೀಚೆಗಿನ ಹಾಗೂ ಅದರ ಪೂರ್ವೋತ್ತರದ ಸೀಮೆಯಲ್ಲಿ ನೆಲೆಸಿದವರು. ಗಾಂಧೀಜಿಯವರ ಸತ್ಯಾಗ್ರಹದ ಕಥೆಯಿಂದ ಟ್ರಾನ್ಸ್‌ವಾಲ್ ಎಂಬ ಹೆಸರು ನಮ್ಮವರಿಗೆ ಪರಿಚಿತವಾಗಿದೆ. ಗಾಂಧೀಜಿ ಅಲ್ಲಿಗೆ ಕಾಲಿಡುವುದಕ್ಕೆ ಹತ್ತು ವರ್ಷ ಮೊದಲೇ, 1883ರಲ್ಲಿ, ಬೋಯರರ ಗಣರಾಜ್ಯವು ದೀರ್ಘಕಾಲದ ಮುತ್ತಿಗೆಯ ಬಳಿಕ ಎನ್ದೆಬೆಲೆಯರ ಒಂದು ಮುಖ್ಯ ಶಾಖೆಯನ್ನು ಸೋಲಿಸಿತು. ಅವರ ದೊರೆ ನ್ಯಾಬೆಲಾ ಸೆರೆಮನೆ ಸೇರಿದನು. ಜನರನ್ನು ಕುಟುಂಬ ಕುಟುಂಬವಾಗಿ ಒಡೆದು ಬಿಳಿಯರ ಜಮೀನುಗಳಲ್ಲಿ ಕರಾರಿನ ಆಳುಗಳಾಗಿ ದುಡಿಯಲು ಹಂಚಲಾಯಿತು. ನೆಲ ಹೋಯಿತು, ಊರು ಹೋಯಿತು. ಹೀಗೆ ಚದುರಿಹೋದವರು ತಾವು ಒಂದೇ ಜನ ಎಂಬುದನ್ನು ಪರಸ್ಪರ ತೋರಿಸಿಕೊಳ್ಳಲು ಉಳಿದ ಗುರುತುಗಳಲ್ಲಿ ಹೆಂಗಸರ ಕೈಕೆಲಸವೂ ಒಂದು. ಮನೆಯ ಗೋಡೆಯ ಮೇಲೆ ಬರೆದ ರೇಖಾಚಿತ್ರಗಳು ಮತ್ತು ಮೈಮೇಲೆ ತೊಟ್ಟ ಮಣಿಯ ಉಡುಗೆಗಳು ಅವರ ಬಾವುಟಗಳಾದವು ಎಂದರೆ ತಪ್ಪಾಗದು.

ಮಣಿಗಳು ಆ ನೆಲದಲ್ಲಿ ಹುಟ್ಟಿದವಲ್ಲ. ಯುರೋಪಿನ ವೆನಿಸ್ ಮತ್ತು ಬೊಹಿಮಿಯದ ಗಾಜಿನ ಕುಲುಮೆಗಳಿಂದ ವರ್ತಕರ ಮೂಲಕ ಬಂದವು. ಅದಕ್ಕೂ ಎಷ್ಟೋ ಶತಮಾನ ಹಿಂದೆ, ಇದೇ ದಕ್ಷಿಣ ಆಫ್ರಿಕದ ಉತ್ತರ ಗಡಿಯಲ್ಲಿದ್ದ ಮಾಪುಂಗುಬ್ವೆ ಎಂಬ ಪ್ರಾಚೀನ ನಗರಕ್ಕೆ ಭಾರತದಿಂದಲೂ ಆಗ್ನೇಯ ಏಷ್ಯದಿಂದಲೂ ಸಮುದ್ರಮಾರ್ಗವಾಗಿ ಗಾಜಿನ ಮಣಿಗಳು ಹೋಗುತ್ತಿದ್ದುವೆಂಬುದನ್ನು ಉತ್ಖನನಗಳು ತೋರಿಸಿಕೊಟ್ಟಿವೆ. ಎನ್ದೆಬೆಲೆಯರ ಹಳೆಯ ಉಡುಗೆಗಳಲ್ಲಿ ಬಿಳಿಯ ಮಣಿಯದೇ ಮೈ, ಅದರ ನಡುವೆ ಅಲ್ಲಲ್ಲಿ ಬಣ್ಣದ ಸಣ್ಣ ಆಕೃತಿಗಳು. ಕಾಲ ಕಳೆದಂತೆ ಬಣ್ಣ ಹೆಚ್ಚಿತು, ಗೋಡೆಯ ಮೇಲಿನ ಮನೆ, ಮೆಟ್ಟಿಲು, ಗವಾಕ್ಷಿಗಳ ಆಕೃತಿಗಳು ಮಣಿಗೂ ಇಳಿದುವು.

ಈ ಉಡುಗೆಗಳಲ್ಲಿ ಪ್ರತಿಯೊಂದಕ್ಕೂ ಒಂದು ವಯಸ್ಸು, ಒಂದು ಸಂದರ್ಭವಿದೆ. ಪ್ರಾಯಕ್ಕೆ ಬಂದ ಹುಡುಗಿ ಸೊಂಟದ ಮುಂದೆ ಕಟ್ಟಿಕೊಳ್ಳುವ, ಹಲಗೆಯಂತೆ ಬಿರುಸಾಗಿ ನಿಲ್ಲುವ ಏಪ್ರನ್ನಿಗೆ ಇಸಿಫೆಫೆತು ಎಂದು ಹೆಸರು. ಮದುವೆಯಾದವಳದು ಜೊಗೊಲೊ, ತೊಗಲಿನ ಮೇಲೆ ಮಣಿ ಹೊಲಿದು, ಕೆಳಗೆ ಐದು ಬೆರಳುಗಳಂತೆ ಇಳಿಬಿಟ್ಟಿರುತ್ತದೆ. ಮದುವಣಗಿತ್ತಿಯ ಬೆನ್ನ ಹಿಂದೆ ನೆಲದವರೆಗೆ ಎಳೆದಾಡುವ ಉದ್ದನೆಯ ಮಣಿಪಟ್ಟಿಗೆ ನ್ಯೋಗಾ, ಅಂದರೆ ಹಾವು, ಎನ್ನುತ್ತಾರೆ. ಸಂಪ್ರದಾಯದಂತೆ ಹುಡುಗಿಯು ಪ್ರಾಯಕ್ಕೆ ಬಂದಾಗ ಕೆಲವು ಕಾಲ ಮನೆಯೊಳಗೆ ಪ್ರತ್ಯೇಕವಾಗಿರುತ್ತಿದ್ದಳು. ಗೋಡೆಗೆ ಬಣ್ಣ ಬರೆಯುವುದನ್ನೂ ಮಣಿ ಹೆಣೆಯುವುದನ್ನೂ ಆಕೆ ತಾಯಿಯಿಂದ ಕಲಿಯುತ್ತಿದ್ದುದು ಆ ವಯಸ್ಸಿನಲ್ಲಿ. ಅಲ್ಲಿ ಪಾಠಪುಸ್ತಕವಿರಲಿಲ್ಲ; ತಾಯಿಯ ಮಗ್ಗುಲಲ್ಲಿ ಕುಳಿತು, ಆಕೆಯ ಕೈ ನೋಡಿ, ತಪ್ಪಿದಾಗ ಬೈಸಿಕೊಂಡು, ಬಿಚ್ಚಿ ಮತ್ತೆ ಹೆಣೆಯುವುದೇ ಪಾಠ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕು. ಆ ಜನರ ಎಲ್ಲ ಮಣಿಕೆಲಸವೂ ಒಂದೇ ಹೆಣಿಗೆಯಲ್ಲಿಲ್ಲ. ತೊಗಲಿಗೋ ದಪ್ಪ ಬಟ್ಟೆಗೋ ಹೊಲಿದುದುಂಟು, ಹುಲ್ಲಿನ ಬಳೆಗೆ ಸುತ್ತಿದುದುಂಟು. ಅವರು ಬಳಸುವ ಹಲವು ವಿಧಾನಗಳಲ್ಲಿ ಒಂದು ಮಾತ್ರ ಹೊರಗಿನವರ ಕಣ್ಣಿಗೆ ವಿಶೇಷವಾಗಿ ಬಿದ್ದು, ‘ಎನ್ದೆಬೆಲೆ ಹೆಣಿಗೆ’ ಎಂಬ ಹೆಸರು ಅದಕ್ಕೇ ಅಂಟಿಕೊಂಡಿತು. ಆ ವಿಧಾನವನ್ನು ಇನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಕಷ್ಟ ಎಲ್ಲಿದೆಯೆಂದು ತಿಳಿಯದೆ ನೆರವಿನ ಮಾತು ಅರ್ಥವಾಗದು.

ಅಭ್ಯಾಸಕ್ಕಾಗಿ ಮೊದಲು ಎಂಟು ಮಣಿಗಳ ಒಂದು ಏಣಿಯನ್ನು ಕಟ್ಟಿಕೊಳ್ಳುತ್ತಾರೆ. ಎರಡು ಮಣಿಗಳನ್ನು ದಾರಕ್ಕೆ ಏರಿಸಿ, ಅದೇ ದಾರವನ್ನು ಅವುಗಳೊಳಗೆ ಮತ್ತೊಮ್ಮೆ ಸುತ್ತಿ ಹಾಯಿಸಿ ಎಳೆದರೆ, ಎರಡೂ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ರಂಧ್ರಗಳು ಮೇಲಕ್ಕೂ ಕೆಳಕ್ಕೂ ಮುಖಮಾಡಿರುತ್ತವೆ. ಹೀಗೆ ಮೂರನೆಯದನ್ನು ಎರಡನೆಯದಕ್ಕೆ, ನಾಲ್ಕನೆಯದನ್ನು ಮೂರನೆಯದಕ್ಕೆ ಕಟ್ಟುತ್ತ ಎಂಟು ಮಣಿಗಳ ಸಾಲಾಗುತ್ತದೆ. ಈಗ ದಾರವು ಕೊನೆಯ ಒಂದು ಮಣಿಯ ಮೇಲ್ಬಾಯಿಂದ ಹೊರಬಂದಿರಬೇಕು. ಅದನ್ನೇ ಮೊದಲನೆಯದೆಂದು ಎಣಿಸಿಕೊಂಡು, ಎರಡು ಹೊಸ ಮಣಿಗಳನ್ನು ಸೂಜಿಗೆ ಏರಿಸಿ, ಪಕ್ಕದ ಎರಡನೆಯ ಮಣಿಯೊಳಗೆ ಸೂಜಿಯನ್ನು ಕೆಳಮುಖವಾಗಿ ಇಳಿಸಿ, ಮೂರನೆಯದರೊಳಗೆ ಮೇಲ್ಮುಖವಾಗಿ ಏರಿಸಬೇಕು. ಮತ್ತೆ ಎರಡು ಮಣಿ. ನಾಲ್ಕನೆಯದರಲ್ಲಿ ಇಳಿದು ಐದನೆಯದರಲ್ಲಿ ಏರಬೇಕು. ಎಂಟನೆಯದರಲ್ಲಿ ಇಳಿದಾಗ ಒಂದು ಸಾಲು ಮುಗಿದಂತಾಯಿತು; ಏಣಿಯ ಮೇಲೆ ನಾಲ್ಕು ಜೋಡಿಗಳು ಕುಳಿತಿವೆ.

ಮುಂದಿನ ಸಾಲುಗಳಲ್ಲಿಯೂ ಇದೇ ಕ್ರಮ. ಜೋಡಿಯ ಮೇಲೆ ಜೋಡಿ ಕೂತು ಕಂಬಗಳಂತೆ ಬೆಳೆಯುತ್ತವೆ. ಒಂದು ಜೋಡಿಯ ಎರಡು ಮಣಿಗಳೂ ನೆಟ್ಟಗೆ ನಿಲ್ಲದೆ ಒಂದರ ಕಡೆಗೊಂದು ವಾಲುತ್ತವೆ. ಈ ವಾಲಿಕೆಯೇ ಹೆಣಿಗೆಯ ಸೊಗಸು. ದೂರದಿಂದ ನೋಡಿದರೆ ಗೋಧಿಯ ತೆನೆಯಲ್ಲಿ ಕಾಳುಗಳು ಎಡಬಲಕ್ಕೆ ಜೋಡಿಸಿದಂತೆ ಕಾಣುತ್ತದೆ. ಪಾಶ್ಚಾತ್ಯರಿಗೆ ಅದು ಮೀನಿನ ಮುಳ್ಳಿನಂತೆ ಕಂಡಿತು. ಆದುದರಿಂದ ಹೆರಿಂಗ್ ಎಂಬ ಮೀನಿನ ಹೆಸರಿನಲ್ಲಿ ಹೆರಿಂಗ್‌ಬೋನ್ ಹೆಣಿಗೆ ಎಂದೂ ಕರೆದರು.

ಓದುವಾಗ ಇಷ್ಟೆಯೇ ಎನಿಸುತ್ತದೆ. ಸೂಜಿ ಹಿಡಿದಾಗ ತೊಡಕುಗಳು ಒಂದೊಂದಾಗಿ ಎದುರಾಗುತ್ತವೆ.

ಆರಂಭವೇ ಮೊದಲ ತೊಡಕು. ಏಣಿಯಿಂದ ತೊಡಗುವುದು ಕಲಿಯುವವರಿಗಾಗಿ ರೂಢಿಗೆ ಬಂದ ಸುಲಭೋಪಾಯ. ಅದರಲ್ಲಿ ಅಡಿಯ ಸಾಲಿನ ಮಣಿಗಳು ನೆಟ್ಟಗೆ ನಿಂತು, ಮೇಲಿನ ವಾಲಿದ ಸಾಲುಗಳಿಗೆ ಹೊಂದದೆ ಬೇರೆಯಾಗಿ ಕಾಣುತ್ತವೆ. ಹಳೆಯ ಕ್ರಮದಲ್ಲಿ ಏಣಿಯಿಲ್ಲ. ತಳದ ಸಾಲುಗಳಿಗೆ ಬೇಕಾದ ಮಣಿಗಳನ್ನೆಲ್ಲ ಒಂದೇ ಸರದಲ್ಲಿ ಏರಿಸಿಕೊಂಡು, ಹಿಂತಿರುಗಿ ಬರುವಾಗ ಕೆಲವನ್ನು ಬಿಟ್ಟು ಕೆಲವನ್ನು ಹಿಡಿಯುತ್ತ ಹೋಗಬೇಕು. ಆ ಹಂತದಲ್ಲಿ ಕೈಯಲ್ಲಿರುವುದು ಹೆಣಿಗೆಯಂತೆ ಕಾಣುವುದೇ ಇಲ್ಲ. ಸಿಕ್ಕುಬಿದ್ದ ಸರದಂತೆ ತಿರುಚಿಕೊಂಡಿರುತ್ತದೆ. ಇನ್ನೂ ಒಂದೆರಡು ಸಾಲು ಬಿದ್ದು, ದಾರವನ್ನು ಎಳೆದ ಮೇಲೆಯೇ ಎಲ್ಲವೂ ಸ್ವಸ್ಥಾನಕ್ಕೆ ಬರುತ್ತದೆ. ಇದನ್ನು ತಿಳಿಯದ ಕಲಿಯುವವಳು ತಾನು ತಪ್ಪಿದೆನೆಂದು ಭಾವಿಸಿ, ಸರಿಯಾಗಿಯೇ ಇದ್ದುದನ್ನು ಬಿಚ್ಚಿಬಿಡುತ್ತಾಳೆ. ಮತ್ತೆ ಹೆಣೆದು ಮತ್ತೆ ಬಿಚ್ಚುತ್ತಾಳೆ. ಅನೇಕರು ಈ ಹೆಣಿಗೆಯನ್ನು ಕೈಬಿಡುವುದು ಇಲ್ಲಿಯೇ. “ಇದು ಹೀಗೆಯೇ ಇರುತ್ತದೆ, ಇನ್ನೆರಡು ಸಾಲು ಹಾಕು” ಎಂದು ಹೇಳುವ ಒಬ್ಬರು ಪಕ್ಕದಲ್ಲಿದ್ದರೆ ಅಷ್ಟೇ ಸಾಕಾಗಿತ್ತು.

ಎರಡನೆಯದು ಸಾಲಿನ ಕೊನೆಯ ತಿರುವು. ಎಂಟನೆಯ ಮಣಿಯಿಂದ ಕೆಳಗಿಳಿದ ದಾರವು ಈಗ ಬುಡದಲ್ಲಿದೆ. ಮುಂದಿನ ಸಾಲಿಗೆ ಅದು ತುದಿಯಲ್ಲಿರಬೇಕು. ಇಳಿದ ರಂಧ್ರದಲ್ಲಿಯೇ ಏರಿದರೆ ಹಾಕಿದ್ದು ಕಳಚಿಕೊಳ್ಳುತ್ತದೆ. ಬಲ್ಲವರು ಇದಕ್ಕೆ ಬೇರೆ ಬೇರೆ ಉಪಾಯ ಮಾಡುತ್ತಾರೆ. ಅಂಚಿನಲ್ಲಿ ಎರಡು ಮಣಿಗಳ ನಡುವೆ ಕಾಣುವ ದಾರದ ಎಳೆಗೆ ಸೂಜಿಯನ್ನು ಸಿಕ್ಕಿಸಿ ಮೇಲೇರುವುದು ಒಂದು. ಪಕ್ಕದ ಮಣಿಯೊಳಗೆ ಏರಿ, ಅಲ್ಲಿಂದ ಓರೆಯಾಗಿ ಅಂಚಿನ ಹೊಸ ಮಣಿಗೆ ದಾಟುವುದು ಇನ್ನೊಂದು. ತಿರುವಿನಲ್ಲಿ ಪುಟ್ಟದೊಂದು ಮಣಿಯನ್ನು ಸೇರಿಸಿ ದಾರವನ್ನು ಅದರ ಮರೆಯಲ್ಲಿ ಅಡಗಿಸುವುದು ಮತ್ತೊಂದು. ಯಾವುದನ್ನು ಆರಿಸಿದರೂ ಕೊನೆಯವರೆಗೆ ಅದನ್ನೇ ಪಾಲಿಸಬೇಕು. ಇಲ್ಲದಿದ್ದರೆ ಅಂಚು ಒಂದು ಕಡೆ ನಯವಾಗಿ, ಇನ್ನೊಂದು ಕಡೆ ಗರಗಸದಂತೆ ಆಗುತ್ತದೆ.

ನಮ್ಮ ಕಸೂತಿಯನ್ನು ಬಲ್ಲವರಿಗೆ ಈ ಮಾತು ಬೇಗ ಅರ್ಥವಾದೀತು. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಹೋಗುವಾಗ ಒಂದು ಬಿಟ್ಟು ಒಂದು ತುಂಬಿ, ಬರುವಾಗ ಬಿಟ್ಟಿದ್ದನ್ನು ತುಂಬಬೇಕು. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡು ಮಗ್ಗುಲೂ ಒಂದೇ ಆಗಿರಬೇಕು. ಅಲ್ಲಿಯೂ ಹೋಗುವ ದಾರಿ ಸುಲಭ. ಕವಲುಗಳುಳ್ಳ ಗೋಪುರದ ಚಿತ್ತಾರದಲ್ಲಿ ದಾರಿ ತಪ್ಪದೆ ಹಿಂತಿರುಗಿ ಬರುವುದರಲ್ಲಿಯೇ ಕುಶಲತೆಯ ಪರೀಕ್ಷೆ. ಕಸೂತಿಯ ಕೈ ಹೊರಡುವ ಮೊದಲೇ ಹಿಂತಿರುಗುವ ದಾರಿಯನ್ನು ಯೋಚಿಸಿರುತ್ತದೆ. ಮಣಿಯ ಹೆಣಿಗೆಗೂ ಇದೇ ಅಭ್ಯಾಸ ಬೇಕು.

ಮೂರನೆಯ ತೊಡಕು ದಾರದ ಬಿಗಿ. ಇದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಈ ಹೆಣಿಗೆಯಲ್ಲಿ ಒಂದು ಕಂಬಕ್ಕೂ ಅದರ ಪಕ್ಕದ ಕಂಬಕ್ಕೂ ನಡುವೆ ಮಣಿಯ ಬಂಧವಿಲ್ಲ, ದಾರದ ಪುಟ್ಟ ಸೇತುವೆ ಮಾತ್ರವೇ ಇದೆ. ದಾರ ಸಡಿಲವಾದರೆ ಕಂಬಗಳು ದೂರ ಸರಿದು ನಡುವೆ ದಾರ ಬೆತ್ತಲೆಯಾಗಿ ಕಾಣುತ್ತದೆ. ಅತಿಯಾಗಿ ಎಳೆದರೆ ಮಣಿಗಳಿಗೆ ವಾಲಲು ಎಡೆಯಿಲ್ಲದೆ ಇಡೀ ತುಂಡು ದೊನ್ನೆಯಂತೆ ಮಡಚಿಕೊಳ್ಳುತ್ತದೆ. ಎಷ್ಟು ಎಳೆಯಬೇಕೆಂಬುದನ್ನು ಯಾವ ಚಿತ್ರವೂ ತೋರಿಸಲಾರದು. ರೊಟ್ಟಿಯ ಹಿಟ್ಟನ್ನು ಎಷ್ಟು ನಾದಬೇಕೆಂದು ಅಡುಗೆಯ ಪುಸ್ತಕ ಹೇಳಲಾರದಷ್ಟೆ, ಅದೇ ರೀತಿ.

ಕೊಳವೆಯಾಕಾರವಾಗಿ ಹೆಣೆಯುವಾಗ ಇನ್ನೊಂದು ಸೂಕ್ಷ್ಮ ಬರುತ್ತದೆ. ಏಣಿಯ ಎರಡು ತುದಿಗಳನ್ನು ಕೂಡಿಸಿ ಬಳೆ ಮಾಡಿಕೊಂಡು ಸುತ್ತುಸುತ್ತಾಗಿ ಮೇಲೇರುವಾಗ, ಪ್ರತಿಯೊಂದು ಸುತ್ತಿನ ಕೊನೆಗೂ ಸೂಜಿಯು ಒಂದರ ಬದಲು ಎರಡು ಮಣಿಗಳನ್ನು, ಅಂದರೆ ಹಿಂದಿನ ಸುತ್ತಿನ ಮೊದಲ ಮಣಿಯನ್ನೂ ಈಗಿನ ಸುತ್ತಿನ ಮೊದಲ ಮಣಿಯನ್ನೂ, ದಾಟಿ ಮೇಲೇರಬೇಕು. ಈ ಹೆಜ್ಜೆ ಮರೆತರೆ ಮುಂದಿನ ಸುತ್ತು ಕೆಡುತ್ತದೆ. ಸ್ವಾರಸ್ಯವೇನೆಂದರೆ, ಪ್ರತಿ ಜೋಡಿಯಲ್ಲಿಯೂ ಬೇಕೆಂದೇ ಇಳಿಯುವಾಗ ಒಂದು ಮಣಿ, ಏರುವಾಗ ಎರಡು ಮಣಿ ಎಂಬ ಲೆಕ್ಕ ಹಿಡಿದರೆ ಕೊಳವೆಯು ಹಗ್ಗದ ಹುರಿಯಂತೆ ಸುಂದರವಾಗಿ ತಿರುಚಿಕೊಳ್ಳುತ್ತದೆ. ಒಂದು ಕಡೆ ದೋಷವೆನಿಸಿದುದು, ನಿಯಮವಾಗಿ ಪಾಲಿಸಿದಾಗ ಮತ್ತೊಂದು ಹೆಣಿಗೆಯಾಗಿದೆ.

ಇನ್ನು ನೆರವಿನ ವಿಚಾರ. ತಾಯಿಯಿಂದ ಮಗಳಿಗೆ ಸಾಗಿ ಬಂದ ಈ ವಿದ್ಯೆ ಹೊರಗಿನವರ ಕೈಗೆ ಬಂದುದು ಉಡುಗೆಗಳನ್ನು ನೋಡಿ ದಾರದ ಜಾಡು ಹಿಡಿದವರಿಂದ. ವಸ್ತುಸಂಗ್ರಹಾಲಯಗಳಲ್ಲಿ ಅಖಂಡವಾಗಿರುವ ವಸ್ತುವಿಗಿಂತ ಅಂಚು ಹರಿದ ವಸ್ತುವೇ ಇಂತಹವರಿಗೆ ಹೆಚ್ಚು ಉಪಕಾರಿ, ಏಕೆಂದರೆ ಹರಿದಲ್ಲಿ ದಾರ ಹೋದ ದಾರಿ ಕಾಣುತ್ತದೆ. ಅಮೆರಿಕದಲ್ಲಿ ವರ್ಜೀನಿಯಾ ಬ್ಲೇಕ್‌ಲಾಕ್ ಅವರು 1980ರ ದಶಕದ ಕೊನೆಯಲ್ಲಿ ಹೊರತಂದ ಮಣಿಕೆಲಸದ ಪುಸ್ತಕವು ಈ ಹೆಣಿಗೆಯನ್ನು ಅಲ್ಲಿನ ಹವ್ಯಾಸಿಗಳಿಗೆ ಪರಿಚಯಿಸಿದವುಗಳಲ್ಲಿ ಮುಖ್ಯವಾದುದು. 2001ರಲ್ಲಿ ವಿಕಿ ಸ್ಟಾರ್ ಅವರು ಇದೊಂದೇ ಹೆಣಿಗೆಗೆ ಮೀಸಲಾದ ಪುಸ್ತಕ ಬರೆದರು. 1994ರಲ್ಲಿ ಆರಂಭವಾದ ‘ಬೀಡ್ ಅಂಡ್ ಬಟನ್’ ಎಂಬ ಪತ್ರಿಕೆಯಂತಹವು ಹೆಜ್ಜೆಹೆಜ್ಜೆಯ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿದುವು. 2020ರಲ್ಲಿ ಆ ಪತ್ರಿಕೆ ನಿಂತುಹೋಯಿತು. ಈಗ ಕೈಯಲ್ಲಿರುವ ದೂರವಾಣಿಯಲ್ಲಿಯೇ ಚಲಿಸುವ ಚಿತ್ರಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಪುಸ್ತಕದ ಚಿತ್ರಕ್ಕಿಂತ ಇದು ಮೇಲು, ಸಂದೇಹವಿಲ್ಲ. ಆದರೆ ಚಲಿಸುವ ಚಿತ್ರವೂ ಸರಿಯಾದುದನ್ನು ಮಾತ್ರ ತೋರಿಸುತ್ತದೆ. ಕಲಿಯುವವಳ ಕೈಯಲ್ಲಿರುವ ತಪ್ಪನ್ನು ಅದು ನೋಡಲಾರದು. ಕಠಿಣವಾದ ಹೆಣಿಗೆಯಲ್ಲಿ ಬೇಕಾದ ನೆರವು ಆ ತಪ್ಪನ್ನು ನೋಡಿ ಹೇಳುವ ಕಣ್ಣು.

ಅಂತಹ ಕಣ್ಣನ್ನು ಹುಡುಕುವಾಗ ಹೆಸರುಗಳ ಗೊಂದಲ ಮೊದಲು ಅಡ್ಡಬರುತ್ತದೆ. ಹೆರಿಂಗ್‌ಬೋನ್ ಹೊಲಿಗೆ ಯಾರಿಗೆ ಬರುತ್ತದೆಂದು ವಿಚಾರಿಸಿದರೆ ನಮ್ಮ ಶಾಲೆಗಳ ಹೊಲಿಗೆಯ ಅಧ್ಯಾಪಿಕೆಯರೆಲ್ಲರೂ ತಮಗೆ ಬರುತ್ತದೆಂದೇ ಹೇಳುವರು. ಅವರು ಹೇಳುವುದು ಬಟ್ಟೆಯ ಮೇಲೆ ಓರೆಯಾಗಿ ಅಡ್ಡಡ್ಡ ಹಾಕುವ ಕಸೂತಿಯ ಹೊಲಿಗೆ. ಹೆಸರು ಒಂದೇ, ವಿದ್ಯೆ ಬೇರೆ. ಮಣಿಕೆಲಸದಲ್ಲಿ ಇಂತಹ ಗೊಂದಲ ಬೇರೆಡೆಯೂ ಉಂಟು. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಪ್ರಚಲಿತವಾದ ಒಂದು ಹೆಣಿಗೆಗೆ ಪೆಯೋಟಿ ಎಂದು ಕೆಲವರೆಂದರೆ, ಅದೇ ಜಾತಿಯದನ್ನು ಸೋರೆಬುರುಡೆಯ ಹೆಣಿಗೆ ಎಂದು ಇತರರು ಕರೆಯುತ್ತಾರೆ. ಆದುದರಿಂದ ಹೆಸರು ಹಿಡಿದು ಕೇಳುವುದಕ್ಕಿಂತ, ಅಂಗೈಯಗಲದ ಒಂದು ತುಂಡನ್ನು, ಅದು ಎಷ್ಟೇ ಕೆಟ್ಟದಾಗಿರಲಿ, ಕೈಯಲ್ಲಿ ಹಿಡಿದು ಹೋಗುವುದು ಮೇಲು.

ಈ ತುಂಡಿನ ವಿಷಯದಲ್ಲಿ ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಸಿಕ್ಕಾದುದನ್ನು ತೋರಿಸಲು ನಾಚಿ, ಎಲ್ಲವನ್ನೂ ಬಿಚ್ಚಿ, ಬರಿಯ ದಾರ ಮತ್ತು ಮಣಿಗಳೊಂದಿಗೆ ಗುರುವಿನ ಎದುರು ನಿಲ್ಲುತ್ತಾರೆ. ಇದು ರೋಗವನ್ನು ಮುಚ್ಚಿಟ್ಟು ವೈದ್ಯನ ಬಳಿಗೆ ಹೋದಂತೆ. ಗುರು ಆಗ ಮೊದಲಿನಿಂದ ಎಲ್ಲವನ್ನೂ ತೋರಿಸಬೇಕಾಗುತ್ತದೆ. ಎಲ್ಲವನ್ನೂ ನೋಡಿಯೂ ಶಿಷ್ಯೆ ಹಿಂದೆ ತಪ್ಪಿದಲ್ಲಿಯೇ ಮತ್ತೆ ತಪ್ಪುತ್ತಾಳೆ. ಕೆಟ್ಟ ತುಂಡು ಕೈಯಲ್ಲಿದ್ದರೆ ಬಲ್ಲವಳು ಅರೆಗಳಿಗೆಯಲ್ಲಿ ಓದಬಲ್ಲಳು. ಅಡಿಯ ಸಾಲಿನಲ್ಲಿ ಮಣಿಗಳ ಸಂಖ್ಯೆ ಬೆಸವಾಗಿದ್ದರೆ ಜೋಡಿ ಕೂಡದೆ ಒಂದು ಒಂಟಿಯಾಗಿ ಉಳಿದಿರುತ್ತದೆ. ಒಂದು ಅಂಚು ಮಾತ್ರ ಕೆಟ್ಟಿದ್ದರೆ ದೋಷ ತಿರುವಿನಲ್ಲಿದೆ. ಒಂದು ಕಂಬ ಇದ್ದಕ್ಕಿದ್ದಂತೆ ಓರೆಯಾಗಿದ್ದರೆ ಅಲ್ಲಿ ಇಳಿಯಬೇಕಾದ ಮಣಿಯ ಬದಲು ಅದರ ಪಕ್ಕದ್ದಕ್ಕೆ ಸೂಜಿ ಇಳಿದಿರಬೇಕು.

ಬಿಚ್ಚಲೇಬೇಕಾಗಿ ಬಂದಾಗಲೂ ಒಂದು ಕ್ರಮವುಂಟು. ಬಂದ ದಾರಿಯಲ್ಲಿಯೇ ಸೂಜಿಯನ್ನು ಹಿಂದಕ್ಕೆ ತೂರಿಸಹೊರಟರೆ ಅದು ಮಣಿಯೊಳಗಿನ ದಾರವನ್ನು ಚುಚ್ಚಿ ಸೀಳಿ ಹೊಸ ಸಿಕ್ಕನ್ನು ಮಾಡುತ್ತದೆ. ಸೂಜಿಯಿಂದ ದಾರವನ್ನು ಕಳಚಿ, ದಾರವನ್ನು ಮಾತ್ರ ಮೆಲ್ಲನೆ ಹಿಂದಕ್ಕೆ ಎಳೆಯಬೇಕು. ಇಂತಹ ಚಿಕ್ಕ ವಿವರಗಳನ್ನು ಪುಸ್ತಕಗಳು ಹೇಳದೆ ಬಿಡುವುದೇ ಹೆಚ್ಚು. ಕಲಿಯುವವರ ಅರ್ಧ ಸಂಕಟ ಇಂತಹವುಗಳಲ್ಲಿಯೇ ಇರುತ್ತದೆ.

ಅಭ್ಯಾಸದ ಸಾಮಗ್ರಿಯನ್ನು ಆರಿಸುವುದರಲ್ಲಿಯೂ ವಿವೇಕ ಬೇಕು. ಮಣಿಗಳ ಅಳತೆಯ ಅಂಕಿ ಹೆಚ್ಚಿದಷ್ಟೂ ಮಣಿ ಚಿಕ್ಕದು, ಸೂಜಿಯ ಅಂಕಿ ಹೆಚ್ಚಿದಷ್ಟೂ ಸೂಜಿ ಸಪೂರ. 11ನೆಯ ಅಳತೆಯ ಮಣಿ ಸುಮಾರು 2 ಮಿಲಿಮೀಟರ್. ಸುಂದರವಾದ ಕೆಲಸಕ್ಕೆ ಅದು ಯೋಗ್ಯವಾದರೂ ಮೊದಲ ದಿನಕ್ಕೆ ಅಲ್ಲ. 6ನೆಯ ಅಳತೆಯದು ಸುಮಾರು 4 ಮಿಲಿಮೀಟರ್. ಅದರಲ್ಲಿ ದಾರದ ಓಟ ಕಣ್ಣಿಗೆ ಕಾಣುತ್ತದೆ. ಒಂದು ಕಂಬಕ್ಕೆ ಕೆಂಪು, ಅದರ ಪಕ್ಕದ್ದಕ್ಕೆ ಬಿಳಿ ಎಂದು ಎರಡು ಬಣ್ಣ ಇಟ್ಟುಕೊಂಡರೆ, ತಪ್ಪು ಮಣಿಯೊಳಗೆ ಸೂಜಿ ಇಳಿದೊಡನೆ ಬಣ್ಣವೇ ಕೂಗಿ ಹೇಳುತ್ತದೆ. ಒಂದೇ ಪೊಟ್ಟಣದಲ್ಲಿಯೂ ದಪ್ಪ, ಸಪೂರ ಮಣಿಗಳು ಬೆರೆತಿರುವುದುಂಟು. ಅಕ್ಕಿ ಆರಿಸುವಂತೆ ಅವುಗಳನ್ನು ಮೊದಲೇ ಆರಿಸಿಟ್ಟುಕೊಳ್ಳಬೇಕು. ಇಂತಹ ಒಂದು ತರಗತಿಗೆ ಬೇಕಾದ ಮಣಿ, ಸೂಜಿ, ದಾರಗಳ ವೆಚ್ಚ ಅಲ್ಪ. ಬೆಲೆಯುಳ್ಳದ್ದು ಒಳ್ಳೆಯ ಬೆಳಕು ಮತ್ತು ಕಲಿಸುವವರ ಬಿಡುವು.

ಕಲಿಸುವವರ ಕಡೆಗೂ ಒಂದೆರಡು ಮಾತು. ಎದುರಿಗೆ ಕುಳಿತು ತೋರಿಸಿದರೆ ಶಿಷ್ಯೆಗೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗುತ್ತದೆ. ಎನ್ದೆಬೆಲೆಯ ತಾಯಿಯಂತೆ ಮಗ್ಗುಲಲ್ಲಿ ಕುಳಿತರೆ ಆ ತೊಂದರೆಯಿಲ್ಲ. ಎಡಗೈಯವರಿಗೆ ಮಾತ್ರ ಎದುರಿಗೆ ಕುಳಿತು ತೋರಿಸುವುದೇ ಅನುಕೂಲ. ಎಡಗೈಯ ಹುಡುಗಿಯನ್ನು ಬಲಗೈಯಲ್ಲಿ ಹೆಣೆಯೆಂದು ಒತ್ತಾಯಿಸಿ, ಆಕೆಗೆ ಬುದ್ಧಿ ಸಾಲದೆಂದು ತೀರ್ಮಾನಿಸಿದ ಉದಾಹರಣೆಗಳು ಕೈಕೆಲಸದ ತರಗತಿಗಳಲ್ಲಿ ಅಪರೂಪವಲ್ಲ. ಇನ್ನೊಂದು ದೋಷ ಅವಸರದ್ದು. ಹುಡುಗಿ ತಡವರಿಸಿದೊಡನೆ ತುಂಡನ್ನು ಕಿತ್ತುಕೊಂಡು, ಎರಡು ಸಾಲು ತಾವೇ ಹೆಣೆದು, “ಇಗೋ, ಮುಂದುವರಿಸು” ಎಂದು ಕೊಡುವ ಅಧ್ಯಾಪಿಕೆಯ ಉದ್ದೇಶ ಒಳ್ಳೆಯದೇ. ಆದರೆ ಆ ಎರಡು ಸಾಲುಗಳಲ್ಲಿಯೇ ಹುಡುಗಿಗೆ ಬಾರದಿದ್ದ ತಿರುವು ಇತ್ತು. ಅದು ಈಗಲೂ ಆಕೆಗೆ ಬಾರದು. ತುಂಡನ್ನು ಹುಡುಗಿಯ ಕೈಯಲ್ಲಿಯೇ ಬಿಟ್ಟು, ಸೂಜಿ ಹೋಗಬೇಕಾದ ಮಣಿಯನ್ನು ಕಡ್ಡಿಯಿಂದ ಮುಟ್ಟಿ ತೋರಿಸಿದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ವಿದ್ಯೆ ಕೈಯಲ್ಲಿ ನಿಲ್ಲುತ್ತದೆ.

ಈ ಹೆಣಿಗೆಯನ್ನೇ ಬಲ್ಲವರು ಹತ್ತಿರದಲ್ಲಿ ಸಿಗದಿದ್ದಾಗ ಅದರ ಬಂಧುವನ್ನು ಬಲ್ಲವರನ್ನು ಹುಡುಕಬಹುದು. ತೋರಣ ಹೆಣೆಯುವ ಹಿರಿಯ ಹೆಂಗಸು ಎನ್ದೆಬೆಲೆ ಎಂಬ ಹೆಸರನ್ನು ಕೇಳಿರಲಾರಳು. ಆದರೆ ದಾರ ಯಾವ ಮಣಿಯಿಂದ ಹೊರಬಂದು ಯಾವುದರೊಳಗೆ ಹೋಗಿದೆ ಎಂದು ಬೆರಳಲ್ಲಿ ತಡವಿ ಹೇಳಬಲ್ಲಳು. ಪುಸ್ತಕದ ಚಿತ್ರವನ್ನು ಓದಬಲ್ಲ ಹುಡುಗಿಯೂ ದಾರವನ್ನು ಓದಬಲ್ಲ ಹಿರಿಯಳೂ ಒಂದು ಚಾಪೆಯ ಮೇಲೆ ಕುಳಿತರೆ ಅರ್ಧ ದಾರಿ ಸವೆದಂತೆ.

ಮೂಲದವರ ನಾಡಿನಲ್ಲಿಯೂ ಕಲಿಕೆಯ ಸ್ವರೂಪ ಬದಲಾಗಿದೆ. ಹುಡುಗಿಯರು ಶಾಲೆಗೆ ಹೋಗುತ್ತಾರೆ. ಮಣಿಯ ಉಡುಗೆಗಳು ಹಬ್ಬ, ಮದುವೆಗಳ ದಿನಕ್ಕೆ ಮೀಸಲಾಗಿವೆ. ಗಾಜಿನ ಮಣಿಯ ಜಾಗಕ್ಕೆ ಅನೇಕ ಕಡೆ ಹಗುರವಾದ ಪ್ಲಾಸ್ಟಿಕ್ ಬಂದಿದೆ. ಮಾರಾಟಕ್ಕೆಂದೇ ಮಾಡಿದ ವಸ್ತುಗಳು ಪ್ರವಾಸಿಗರ ಕೈಸೇರುತ್ತವೆ. ಹಳೆಯ ಉಡುಗೆಗಳು ಜೋಹಾನ್ಸ್‌ಬರ್ಗ್‌ನ ವಿಟ್ಸ್ ಕಲಾ ಸಂಗ್ರಹಾಲಯದಲ್ಲಿಯೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿಯೂ ಇವೆ. ಅಂತಹ ಸಂಗ್ರಹಗಳಲ್ಲಿನ ಹಳೆಯ ವಸ್ತುಗಳ ಪೈಕಿ ಹೆಚ್ಚಿನವುಗಳ ಪಕ್ಕದಲ್ಲಿ ಜನಾಂಗದ ಹೆಸರಿರುತ್ತದೆ, ಹೆಣೆದವಳ ಹೆಸರಿರುವುದಿಲ್ಲ. ಜಗತ್ತು ಕಲಿಯುತ್ತಿರುವುದು ಹೆಸರು ತಿಳಿಯದ ಆ ಹೆಂಗಸರಿಂದ ಎಂಬುದನ್ನು ಹೆರಿಂಗ್‌ಬೋನ್ ಎಂಬ ಮೀನಿನ ಹೆಸರು ಮರೆಸುತ್ತದೆ. ಎನ್ದೆಬೆಲೆ ಎಂಬ ಹೆಸರನ್ನೇ ಬಳಸುವವರು ಈ ಕಾರಣದಿಂದ ಸರಿಯಾದುದನ್ನೇ ಮಾಡುತ್ತಿದ್ದಾರೆ.

ಆ ಜನಾಂಗದಲ್ಲಿ ಹೆಸರು ಉಳಿಸಿಕೊಂಡವರೂ ಇದ್ದಾರೆ. 1935ರಲ್ಲಿ ಹುಟ್ಟಿದ ಎಸ್ತರ್ ಮಹ್ಲಾಂಗು ಎಂಬಾಕೆ ಹತ್ತನೆಯ ವಯಸ್ಸಿನಲ್ಲಿ ತಾಯಿ ಮತ್ತು ಅಜ್ಜಿಯಿಂದ ಗೋಡೆಚಿತ್ರವನ್ನು ಕಲಿತರು. 1991ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯ ಮೋಟಾರು ಕಾರಿನ ಮೇಲೆ ಎನ್ದೆಬೆಲೆ ಚಿತ್ತಾರಗಳನ್ನು ಬರೆದು ಲೋಕಪ್ರಸಿದ್ಧರಾದರು. ಕೋಳಿಯ ಗರಿಯನ್ನು ಕುಂಚವಾಗಿ ಹಿಡಿದು, ಅಳತೆಪಟ್ಟಿಯಿಲ್ಲದೆ ಕೈಯಿಂದಲೇ ನೇರ ಗೆರೆ ಎಳೆಯುವುದು ಅವರ ಕ್ರಮ. ಇಷ್ಟು ಕೀರ್ತಿ ಬಂದ ಮೇಲೂ ತಮ್ಮ ಹಳ್ಳಿಯ ಮನೆಯಂಗಳದಲ್ಲಿಯೇ ಶಾಲೆಯೊಂದನ್ನು ನಡೆಸಿ, ಸುತ್ತಲಿನ ಮಕ್ಕಳಿಗೆ ಗರಿ ಹಿಡಿಯುವುದನ್ನು ಕಲಿಸುತ್ತ ಬಂದರು. ಮಕ್ಕಳ ಮೊದಲ ಗೆರೆಗಳು ಅಲ್ಲಿಯೂ ಸೊಟ್ಟಗೇ ಬರುತ್ತವೆ.